ಸಂದರ್ಶನದಲ್ಲಿ ಎಲ್ಲರೂ ಒಂದೇ ಉತ್ತರ ಕೊಟ್ಟರೆ ತಪ್ಪು ವಿಧಾನದ್ದೋ, ನನ್ನದೋ?

ಪ್ರಶ್ನೆ — ಹಾಸನದ ವಿದ್ಯಾರ್ಥಿನಿ

ನಮಸ್ಕಾರ. ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ಎರಡನೆಯ ವರ್ಷ ನಡೆಯುತ್ತಿದೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಮಹಿಳೆಯರ ದುಡಿಮೆ ಮತ್ತು ಆ ದುಡಿಮೆಯಿಂದ ಬರುವ ಹಣದ ಮೇಲೆ ಅವರಿಗಿರುವ ಹಿಡಿತ ನನ್ನ ಅಧ್ಯಯನದ ವಿಷಯ. ಕಳೆದ ತಿಂಗಳು ಮೊದಲ ಸುತ್ತಿನ ಕ್ಷೇತ್ರಕಾರ್ಯ ಮುಗಿಸಿ ಬಂದಿದ್ದೇನೆ. ಬಂದಾಗಿನಿಂದ ನನ್ನನ್ನು ಕಾಡುತ್ತಿರುವ ಸಂದೇಹವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

42 ಪ್ರಶ್ನೆಗಳ ಒಂದು ಸಂದರ್ಶನ ಅನುಸೂಚಿಯನ್ನು ಸಿದ್ಧಪಡಿಸಿಕೊಂಡು ಹನ್ನೊಂದು ಮನೆಗಳಿಗೆ ಹೋದೆ. ಒಂದೊಂದು ಸಂದರ್ಶನ ಹೆಚ್ಚೆಂದರೆ ಇಪ್ಪತ್ತೈದು ನಿಮಿಷಗಳಲ್ಲಿ ಮುಗಿಯಿತು. "ಮನೆಯಲ್ಲಿ ಹಣದ ತೀರ್ಮಾನವನ್ನು ಯಾರು ತೆಗೆದುಕೊಳ್ಳುತ್ತಾರೆ?" ಎಂದು ಕೇಳಿದರೆ ಹನ್ನೊಂದು ಮಂದಿಯೂ "ಇಬ್ಬರೂ ಸೇರಿ" ಎಂದರು. "ಈ ಕೆಲಸದಲ್ಲಿ ನಿಮಗಿರುವ ತೊಂದರೆಗಳೇನು?" ಎಂದರೆ "ತೊಂದರೆ ಏನೂ ಇಲ್ಲ" ಎಂದರು. "ಏಕೆ ಬೀಡಿ ಕೆಲಸವನ್ನೇ ಆರಿಸಿಕೊಂಡಿರಿ?" ಎಂಬ ಪ್ರಶ್ನೆಗೆ ಹೆಚ್ಚಿನವರು ನನ್ನ ಮುಖ ನೋಡಿ ಸುಮ್ಮನಾದರು. ಒಬ್ಬರು ದಿನಕ್ಕೆ ಆರುನೂರು ಬೀಡಿ ಕಟ್ಟುತ್ತೇನೆ ಎಂದರು, ಆದರೆ ಪಕ್ಕದಲ್ಲಿದ್ದ ಅವರ ಬೀಡಿ ಪುಸ್ತಕದಲ್ಲಿ (ಕೊಟ್ಟ ಬೀಡಿಗಳ ಲೆಕ್ಕ ಬರೆಯುವ ಪುಸ್ತಕ) ಹೆಚ್ಚುಕಡಿಮೆ ಪ್ರತಿದಿನವೂ ಸಾವಿರದ ಲೆಕ್ಕವಿತ್ತು. ಅದನ್ನು ತೋರಿಸಿ ಕೇಳಿದಾಗ ಅವರು ನಕ್ಕು, ಪುಸ್ತಕವನ್ನು ಎತ್ತಿಕೊಂಡು ಒಳಗಿಟ್ಟು ಬಂದರು. ಆಮೇಲಿನ ಉತ್ತರಗಳೆಲ್ಲ ಒಂದೊಂದೇ ಪದದವು.

ಇನ್ನೆರಡು ಸಂಗತಿಗಳನ್ನೂ ಮುಚ್ಚಿಡದೆ ಹೇಳಬೇಕು. ನನಗೆ ತುಳು ಬರುವುದಿಲ್ಲ; ಸಂದರ್ಶನಗಳೆಲ್ಲ ಕನ್ನಡದಲ್ಲಿ ನಡೆದವು. ಮನೆಗಳನ್ನು ತೋರಿಸಿ ಪರಿಚಯ ಮಾಡಿಸಿದವರು ಬೀಡಿ ಬ್ರಾಂಚಿನಲ್ಲಿ (ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಕೇಂದ್ರ) ಲೆಕ್ಕ ಬರೆಯುವ ಒಬ್ಬರು, ಮತ್ತು ಏಳೆಂಟು ಮನೆಗಳಲ್ಲಿ ಅವರು ಸಂದರ್ಶನ ಮುಗಿಯುವವರೆಗೂ ಜಗಲಿಯಲ್ಲೇ ಕುಳಿತಿದ್ದರು.

ಸಂದರ್ಶನದಿಂದ ಬಂದ ಮಾಹಿತಿಗೆ ವಿಶ್ವಾಸಾರ್ಹತೆ ಇಲ್ಲ, ನೂರೈವತ್ತು ಮಂದಿಗೆ ಪ್ರಶ್ನಾವಳಿ ಹಂಚಿ ಕೋಷ್ಟಕ ಮಾಡು ಎಂಬುದು ನನ್ನ ಮಾರ್ಗದರ್ಶಕರ ಅಭಿಪ್ರಾಯ. ವಿಭಾಗದ ಇನ್ನೊಬ್ಬ ಅಧ್ಯಾಪಕರು ಹದಿನೈದು ಆಳ ಸಂದರ್ಶನಗಳೇ ಸಾಕು ಎನ್ನುತ್ತಾರೆ. ಹನ್ನೊಂದು ಮಂದಿ ಒಂದೇ ಉತ್ತರ ಕೊಟ್ಟಿರುವಾಗ ಹದಿನೈದು ಮಂದಿಯಿಂದ ಹೊಸದೇನು ಸಿಗುತ್ತದೆಂದು ನನಗೆ ತಿಳಿಯುತ್ತಿಲ್ಲ. ಸಂದರ್ಶನವನ್ನು ಒಂದು ಸಂಶೋಧನಾ ವಿಧಾನವಾಗಿ ನಂಬಬಹುದೇ? ನಂಬಬಹುದಾದರೆ ನಾನು ಎಡವಿದ್ದು ಎಲ್ಲಿ?

ಉತ್ತರ 1 — ನಿವೃತ್ತ ಅಧ್ಯಾಪಕ

ಮೂರು ದಶಕ ಪದವಿ ತರಗತಿಗಳಿಗೆ ಸಂಶೋಧನಾ ವಿಧಾನದ ಪತ್ರಿಕೆಯನ್ನು ಪಾಠ ಮಾಡಿದವನು ನಾನು. ರಚಿತ (ಪ್ರಶ್ನೆಗಳನ್ನೆಲ್ಲ ಮೊದಲೇ ಗೊತ್ತುಮಾಡಿಕೊಂಡದ್ದು), ಅರೆರಚಿತ, ಅರಚಿತ ಎಂದು ಸಂದರ್ಶನದ ಬಗೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಗುಣದೋಷಗಳನ್ನು ಐದೈದು ಅಂಶಗಳಲ್ಲಿ ಹೇಳಿ ಮುಗಿಸುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ನಿಮ್ಮ ಪ್ರಶ್ನೆಗೆ ಅದು ಸಾಲದು.

ನಿಮ್ಮ ಹನ್ನೊಂದು ಸಂದರ್ಶನಗಳಲ್ಲಿ ಮಾಹಿತಿ ಇದೆ, ಆದರೆ ನೀವು ಕೇಳಿದ ಪ್ರಶ್ನೆಗೆ ಸಂಬಂಧಿಸಿದ್ದಲ್ಲ. ಮನೆಯ ಹಣದ ತೀರ್ಮಾನ ಯಾರದು ಎಂದು ನೀವು ಕೇಳಿದಿರಿ. ಬ್ರಾಂಚಿನವರ ಜೊತೆಯಲ್ಲಿ ಬಂದ, ಕೈಯಲ್ಲಿ ಮುದ್ರಿತ ಹಾಳೆ ಹಿಡಿದ, ಘಟ್ಟದ ಮೇಲಿನ ಕನ್ನಡ ಮಾತನಾಡುವ ಅಪರಿಚಿತ ಹುಡುಗಿಯ ಮುಂದೆ, ಜಗಲಿಯಲ್ಲಿರುವವರ ಕಿವಿಗೆ ಬೀಳುವಂತೆ ಏನನ್ನು ಹೇಳಿದರೆ ಕ್ಷೇಮ ಎಂಬುದಕ್ಕೆ ಅವರು ಉತ್ತರ ಕೊಟ್ಟರು. ಹನ್ನೊಂದೂ ಮನೆಗಳಲ್ಲಿ ಒಂದೇ ಸನ್ನಿವೇಶವಿತ್ತು, ಉತ್ತರವೂ ಒಂದೇ ಬಂತು. ಸಂದರ್ಶನ ಎಂಬುದು ಬಾವಿಗೆ ಕೊಡ ಇಳಿಸಿ ನೀರು ಸೇದಿದಂತೆ ಎಂದು ನಾವು ಭಾವಿಸುತ್ತೇವೆ. ಅದು ಇಬ್ಬರ ನಡುವೆ ನಡೆಯುವ ಒಂದು ಘಟನೆ, ಮತ್ತು ಕೇಳುವವರು ಯಾರು, ಯಾರ ಜೊತೆ ಬಂದರು, ಎಲ್ಲಿ ಕುಳಿತರು ಎಂಬುದೆಲ್ಲ ಉತ್ತರದೊಳಗೆ ಸೇರಿಕೊಂಡಿರುತ್ತದೆ.

ನಿಮ್ಮ ಮಾರ್ಗದರ್ಶಕರ ಅನುಮಾನಕ್ಕೆ ದೊಡ್ಡ ಇತಿಹಾಸವಿದೆ ಎಂಬುದನ್ನೂ ಒಪ್ಪಬೇಕು. ಅಮೆರಿಕದಲ್ಲಿ ಚೀನೀಯರ ವಿರುದ್ಧ ತೀವ್ರ ಪೂರ್ವಗ್ರಹವಿದ್ದ 1930ರ ದಶಕದ ಆರಂಭದಲ್ಲಿ ರಿಚರ್ಡ್ ಲಾಪಿಯರ್ ಎಂಬ ಸಮಾಜಶಾಸ್ತ್ರಜ್ಞ ಒಂದು ಚೀನೀ ದಂಪತಿಯ ಜೊತೆ ದೇಶವನ್ನು ಸುತ್ತಿದ. ಅವರು ಕಾಲಿಟ್ಟ 251 ವಸತಿಗೃಹ, ಹೋಟೆಲುಗಳಲ್ಲಿ ಪ್ರವೇಶ ನಿರಾಕರಿಸಿದ್ದು ಒಂದೇ ಒಂದು ಕಡೆ. ಆರು ತಿಂಗಳ ಅನಂತರ ಅವೇ ಸ್ಥಳಗಳಿಗೆ ಪತ್ರ ಬರೆದು "ಚೀನೀ ಅತಿಥಿಗಳನ್ನು ಸ್ವೀಕರಿಸುತ್ತೀರಾ?" ಎಂದು ಕೇಳಿದಾಗ, ಉತ್ತರಿಸಿದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. 1934ರಲ್ಲಿ ಪ್ರಕಟವಾದ ಈ ಲೇಖನವನ್ನು ಹೇಳುವುದಕ್ಕೂ ಮಾಡುವುದಕ್ಕೂ ನಡುವಿನ ಅಂತರಕ್ಕೆ ನಿದರ್ಶನವಾಗಿ ಇಂದಿಗೂ ಉಲ್ಲೇಖಿಸುತ್ತಾರೆ. ಅತಿಥಿಗಳನ್ನು ಒಳಗೆ ಬಿಟ್ಟವರೂ ಪತ್ರಕ್ಕೆ ಉತ್ತರಿಸಿದವರೂ ಒಬ್ಬರೇ ಎಂದು ಹೇಳುವಂತಿಲ್ಲ ಎಂಬ ಆಕ್ಷೇಪವೂ ಇದೆ, ನ್ಯಾಯವಾದದ್ದೇ. ಆದರೆ ಗಮನಿಸಿ: ಲಾಪಿಯರ್‌ನಲ್ಲಿ ಸೋತದ್ದು ಎದುರುಬದುರು ಕುಳಿತ ಸಂದರ್ಶನವಲ್ಲ, ಅಂಚೆಯಲ್ಲಿ ಹೋದ ಪ್ರಶ್ನಾವಳಿ. ಹನ್ನೊಂದು ಮಂದಿಯಿಂದ ಬಂದ "ಇಬ್ಬರೂ ಸೇರಿ" ಎಂಬ ಉತ್ತರವನ್ನು ನೂರೈವತ್ತು ಮಂದಿಯಿಂದ ಪಡೆದು ಶೇಕಡಾವಾರು ತೆಗೆದರೆ ತಪ್ಪು ಸರಿಯಾಗುವುದಿಲ್ಲ, ದಶಮಾಂಶ ಬಿಂದುವಿನೊಂದಿಗೆ ತಪ್ಪಾಗುತ್ತದೆ ಅಷ್ಟೆ.

ಇನ್ನು ಪ್ರಶ್ನೆಗಳ ವಿಚಾರ. "ಏಕೆ" ಎಂದು ಕೇಳಬೇಡಿ, "ಹೇಗೆ" ಎಂದು ಕೇಳಿ ಎಂಬುದು ಹೋವರ್ಡ್ ಬೆಕರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರ ಹೆಸರಾದ ಸಲಹೆ. ಕನ್ನಡದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. "ಏಕೆ ಬೀಡಿ ಕೆಲಸ ಆರಿಸಿಕೊಂಡಿರಿ?" ಎಂದರೆ ಕಾರಣ ಕೇಳಿ ನೋಟಿಸು ಕೊಟ್ಟ ಹಾಗಾಗುತ್ತದೆ, ಎದುರಿನವರು ಸಮರ್ಥನೆ ಹುಡುಕಲು ತೊಡಗುತ್ತಾರೆ, ಇಲ್ಲವೇ ನಿಮ್ಮಲ್ಲಾದಂತೆ ಮುಖ ನೋಡುತ್ತಾರೆ. "ಆರಿಸಿಕೊಳ್ಳುವುದು" ಎಂಬ ಮಾತೇ ಅಲ್ಲಿ ಹೊಂದುವುದಿಲ್ಲ, ಏಕೆಂದರೆ ಯಾವ ಹುಡುಗಿಯೂ ನಾಲ್ಕು ಉದ್ಯೋಗಗಳನ್ನು ಮುಂದಿಟ್ಟುಕೊಂಡು ಬೀಡಿಯನ್ನು ಆರಿಸುವುದಿಲ್ಲ. "ಮೊದಲ ಬೀಡಿ ಕಟ್ಟಿದ್ದು ಯಾವಾಗ, ಕಲಿಸಿದವರು ಯಾರು, ಆಗ ಶಾಲೆಗೆ ಹೋಗುತ್ತಿದ್ದಿರಾ?" ಎಂದು ಕೇಳಿದ್ದರೆ ಒಂದು ಕಥೆ ಬರುತ್ತಿತ್ತು, ಕಥೆಯೊಳಗೆ ಕಾರಣವೂ ಇರುತ್ತಿತ್ತು.

ಹಾಗೆಯೇ ಸಾಮಾನ್ಯವಾಗಿ ಏನು ನಡೆಯುತ್ತದೆ ಎಂದು ಕೇಳಬೇಡಿ. ಸಾಮಾನ್ಯವಾಗಿ ಎಂದೊಡನೆ ಜನ ಆದರ್ಶವನ್ನು ಹೇಳುತ್ತಾರೆ. ಕಳೆದ ಸಲ ಮಜೂರಿ ಯಾವತ್ತು ಬಂತು, ಯಾರ ಕೈಗೆ ಬಂತು, ಅದರಲ್ಲಿ ಮೊದಲು ಕೊಂಡದ್ದೇನು, ಉಳಿದದ್ದು ಯಾವ ಡಬ್ಬಿಯಲ್ಲಿದೆ, ಆ ಡಬ್ಬಿ ಎಲ್ಲಿದೆ ಎಂದು ಯಾರಿಗೆಲ್ಲ ಗೊತ್ತು — ಹೀಗೆ ಹೋಗಿ. ಹಣದ ಮೇಲಿನ ಹಿಡಿತ ಎಂಬ ನಿಮ್ಮ ಪರಿಕಲ್ಪನೆ ಆ ಡಬ್ಬಿಯಲ್ಲಿರುತ್ತದೆಯೇ ಹೊರತು "ತೀರ್ಮಾನ" ಎಂಬ ಪದದಲ್ಲಿ ಇರುವುದಿಲ್ಲ.

ಪರಿಚಯ ಮಾಡಿಸಿದವರ ಬಗ್ಗೆ ಒಂದು ಮಾತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರಿನ ಸಮೀಪದ ಒಂದು ಹಳ್ಳಿಯಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಬರವಣಿಗೆಯಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಅಲ್ಲಿ ಅವರ ವಾಸ ಊರಿನ ಪಟೇಲರಿಗೆ ಸೇರಿದ ಕಟ್ಟಡದಲ್ಲಿ. ಪಟೇಲರ ಆಶ್ರಯದಿಂದ ಅನೇಕ ಬಾಗಿಲುಗಳು ತೆರೆದವು. ಅದೇ ಆಶ್ರಯದಿಂದಾಗಿ ಕೆಳಜಾತಿಗಳ ಕೇರಿಯೊಂದಿಗೆ ತಮಗೆ ಅಷ್ಟು ಒಡನಾಟ ಸಾಧ್ಯವಾಗಲಿಲ್ಲ ಎಂಬುದನ್ನು ಅವರೇ ಬರೆದುಕೊಂಡಿದ್ದಾರೆ. ಅಷ್ಟು ದೊಡ್ಡ ವಿದ್ವಾಂಸರಿಗೂ ಯಾರ ಬಾಗಿಲಿನಿಂದ ಊರೊಳಗೆ ಬಂದೆವು ಎಂಬುದು ಕೊನೆಯವರೆಗೂ ಬೆನ್ನಿಗಿತ್ತು. ನೀವು ಬ್ರಾಂಚಿನ ಬಾಗಿಲಿನಿಂದ ಬಂದಿದ್ದೀರಿ.

ಉತ್ತರ 2 — ಬಂಟ್ವಾಳದ ಕಡೆಯವಳು

ನಾನು ಸಮಾಜಶಾಸ್ತ್ರ ಓದಿದವಳಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಆದರೆ ನನ್ನ ತಾಯಿ ಮೂವತ್ತು ವರ್ಷ ಬೀಡಿ ಕಟ್ಟಿದವರು, ನನ್ನ ಪದವಿಯ ಶುಲ್ಕ ಆ ಹಣದಿಂದಲೇ ಹೋಗಿದೆ. ಆದ್ದರಿಂದ ನಿಮ್ಮ ಎದುರು ಕುಳಿತಿದ್ದ ಹೆಂಗಸರ ಕಡೆಯಿಂದ ಕೆಲವು ವಿಷಯಗಳನ್ನು ಹೇಳಬಲ್ಲೆ.

ಪುಸ್ತಕ ಒಳಗೆ ಹೋದದ್ದೇಕೆಂದು ನನಗೆ ಓದುತ್ತಿದ್ದಂತೆಯೇ ತಿಳಿಯಿತು. ಬೀಡಿ ಪುಸ್ತಕ ಒಬ್ಬರ ಹೆಸರಿನಲ್ಲಿರುತ್ತದೆ, ಕಟ್ಟುವ ಕೈಗಳು ಮೂರು ನಾಲ್ಕು. ನಮ್ಮ ಮನೆಯಲ್ಲಿ ಪುಸ್ತಕ ಅಜ್ಜಿಯ ಹೆಸರಿನಲ್ಲಿತ್ತು. ಅಜ್ಜಿಗೆ ಕಣ್ಣು ಮಂಜಾದ ಮೇಲೂ ಹಲವು ವರ್ಷ ಅವರ ಹೆಸರಿನಲ್ಲಿಯೇ ಬೀಡಿ ಹೋಗುತ್ತಿತ್ತು. ಅಮ್ಮ ಎಲೆ ಕತ್ತರಿಸಿ ಸುತ್ತುತ್ತಿದ್ದರು, ಚಿಕ್ಕಮ್ಮ ನೂಲು ಕಟ್ಟುತ್ತಿದ್ದರು, ಶಾಲೆಯಿಂದ ಬಂದ ನಾನು ಬೀಡಿಯ ಬಾಯಿ ಮಡಚುತ್ತಿದ್ದೆ. ಆರುನೂರು ಎಂದವರು ನಿಮಗೆ ಸುಳ್ಳು ಹೇಳಲಿಲ್ಲ, ತಮ್ಮ ಎರಡು ಕೈಗಳ ಲೆಕ್ಕ ಹೇಳಿದರು. ಸಾವಿರ ಎಂದು ಬರೆದ ಪುಸ್ತಕವೂ ಸುಳ್ಳು ಹೇಳುತ್ತಿಲ್ಲ. ಆದರೆ ಅವೆರಡರ ನಡುವಿನ ನಾಲ್ಕುನೂರು ಯಾರದು ಎಂದು ಬ್ರಾಂಚಿನವರು ಜಗಲಿಯಲ್ಲಿರುವಾಗ ಕೇಳಿದರೆ ಯಾರು ತಾನೇ ಹೇಳುತ್ತಾರೆ? ಭವಿಷ್ಯನಿಧಿ, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಆ ಪುಸ್ತಕಕ್ಕೆ ಅಂಟಿಕೊಂಡಿವೆ. ಎಲೆ ಕಳಪೆಯಾಗಿ ಬಂದು ಲೆಕ್ಕಕ್ಕೆ ತಕ್ಕಷ್ಟು ಬೀಡಿ ಆಗದಿದ್ದರೆ ಕೈಯಿಂದ ದುಡ್ಡು ಹಾಕಿ ಹೊರಗೆ ಎಲೆ ಕೊಳ್ಳುವುದು, ಬ್ರಾಂಚಿನಲ್ಲಿ ಸರಿಯಿಲ್ಲವೆಂದು ಬದಿಗೆ ತೆಗೆದ ಬೀಡಿಗಳಿಗೆ ಮಜೂರಿ ಸಿಗದಿರುವುದು, ಇವೆಲ್ಲ ತೊಂದರೆಗಳೇ. ಆದರೆ ಆ ತೊಂದರೆಗಳ ಬಗ್ಗೆ ಅದೇ ಬ್ರಾಂಚಿನವರ ಮುಂದೆ ದೂರು ಹೇಳಲು ಆಗುತ್ತದೆಯೇ?

ಎರಡನೆಯದು ಭಾಷೆ. ನಮ್ಮ ಕಡೆ ಕನ್ನಡ ಎಲ್ಲರಿಗೂ ಬರುತ್ತದೆ. ಆದರೆ ಅದು ಶಾಲೆಯ, ಪಂಚಾಯಿತಿಯ, ಆಸ್ಪತ್ರೆಯ ಭಾಷೆ. ಮನೆಯೊಳಗೆ ತುಳು, ಬ್ಯಾರಿ, ಕೊಂಕಣಿ ಇರುತ್ತದೆ. ಕನ್ನಡದಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ನನ್ನ ಅಮ್ಮ ಸೆರಗು ಸರಿಮಾಡಿಕೊಂಡು, ಪಾಠ ಒಪ್ಪಿಸುವವರ ಹಾಗೆ ಉತ್ತರಿಸುತ್ತಿದ್ದರು. "ತೊಂದರೆ ಏನೂ ಇಲ್ಲ" ಎಂಬುದು ಆ ಕನ್ನಡ. ತುಳುವಿನಲ್ಲಿ "ದಾಲ ಇಜ್ಜಿ" ಎನ್ನುವಾಗ ಅದೇ ಅರ್ಥ ಬರುತ್ತದೆ, ಆದರೆ ಅದನ್ನು ಹೇಳುವ ಧಾಟಿಯಲ್ಲಿ ಏನೋ ಇದೆ ಎಂಬುದೂ ಕೇಳಿಸುತ್ತದೆ.

ನಿಮ್ಮ ವಿಷಯಕ್ಕೆ ನೇರವಾಗಿ ತಾಗುವ ಇನ್ನೊಂದು ಸೂಕ್ಷ್ಮವಿದೆ. ತುಳುವಿನಲ್ಲಿ "ನಾವು" ಎನ್ನಲು ಎರಡು ಪದಗಳು. ಮಾತು ಕೇಳುತ್ತಿರುವ ನಿಮ್ಮನ್ನೂ ಸೇರಿಸಿಕೊಂಡರೆ "ನಮ", ನಿಮ್ಮನ್ನು ಹೊರಗಿಟ್ಟರೆ "ಎಂಕುಲು". ಮನೆಯ ಹಣದ ಮಾತು ಬಂದಾಗ ಒಬ್ಬ ಹೆಂಗಸು ಗಂಡನೆದುರು ಗಂಡನಿಗೇ "ಎಂಕುಲು ಕಟ್ಟಿದ ಬೀಡಿ" ಎಂದರೆ ಆ "ನಾವು" ಒಳಗೆ ಗಂಡ ಇಲ್ಲ, ಹೆಣ್ಣುಮಕ್ಕಳಷ್ಟೇ ಇದ್ದಾರೆ. ಕನ್ನಡದಲ್ಲಿ ಅದು ಬರಿಯ "ನಾವು" ಆಗಿ ಕಳೆದುಹೋಗುತ್ತದೆ.

ಕೊನೆಯದಾಗಿ, ಎಲ್ಲಿ ಕುಳಿತಿರಿ ಎಂದು ನೀವು ಬರೆದಿಲ್ಲ. ಕುರ್ಚಿ ಕೊಟ್ಟರೆ ಬೇಡವೆಂದು ನೆಲದ ಮೇಲೆ, ಎದುರಿಗಲ್ಲದೆ ಸ್ವಲ್ಪ ಪಕ್ಕಕ್ಕೆ ಕುಳಿತುಕೊಳ್ಳಿ. ಬೀಡಿ ಕಟ್ಟುವವರ ಕಣ್ಣು ಮಡಿಲಲ್ಲಿರುವ ಮೊರದ ಮೇಲಿರುತ್ತದೆ. ತಡ್ಪೆ ಎನ್ನುತ್ತೇವೆ ನಾವು. ಎಲೆ, ಹೊಗೆಸೊಪ್ಪು, ಕತ್ತರಿ, ನೂಲು ಎಲ್ಲ ಅದರಲ್ಲೇ. ಕೈ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅಮ್ಮ ತಮ್ಮ ಬದುಕಿನ ಅತ್ಯಂತ ಕಷ್ಟದ ಮಾತುಗಳನ್ನೆಲ್ಲ ನನಗೆ ಹೇಳಿದ್ದು ಹಾಗೆ, ತಲೆ ಎತ್ತದೆ. ಅವರ ಕೆಲಸ ನಿಲ್ಲಿಸಿ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುವಂತೆ ಮಾಡಿದರೆ ಇಪ್ಪತ್ತೈದು ನಿಮಿಷ ಅವರಿಗೆ ನಷ್ಟದ ಬಾಬತ್ತು, ಬೇಗ ಮುಗಿಸಿ ಕಳುಹಿಸುತ್ತಾರೆ.

ಉತ್ತರ 3 — ಸಮೀಕ್ಷೆಯವನು

ಮೇಲಿನ ಎರಡೂ ಉತ್ತರಗಳನ್ನು ಮೆಚ್ಚಿ ಓದಿದೆ. ಆದರೂ ನಿವೃತ್ತ ಅಧ್ಯಾಪಕರು ಪ್ರಶ್ನಾವಳಿಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಿದ್ದಕ್ಕೆ ನನ್ನ ತಕರಾರಿದೆ. ಹನ್ನೆರಡು ವರ್ಷಗಳಿಂದ ಮನೆಮನೆ ಸಮೀಕ್ಷೆಗಳಲ್ಲಿ ಮೊದಲು ಕ್ಷೇತ್ರ ತನಿಖಾಕಾರನಾಗಿ, ಈಗ ಮೇಲ್ವಿಚಾರಕನಾಗಿ ಕೆಲಸ ಮಾಡುತ್ತಿದ್ದೇನೆ. ಸರಿಯಾಗಿ ತರಬೇತಾದ ತನಿಖಾಕಾರರ ಕೈಯಲ್ಲಿ ರಚಿತ ಸಂದರ್ಶನ ಯಾಂತ್ರಿಕವಾಗಿಯೇ ಇರಬೇಕೆಂದಿಲ್ಲ.

ಏಕಾಂತದ ವಿಷಯವನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೌಟುಂಬಿಕ ಹಿಂಸೆಗೆ ಸಂಬಂಧಿಸಿದ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬರೇ ಮಹಿಳೆಗೆ ಕೇಳುತ್ತಾರೆ. ಅದೇ ಮನೆಯ ಇನ್ನೊಬ್ಬ ಮಹಿಳೆಗೂ ಕೇಳಿದರೆ ಯಾವ ಪ್ರಶ್ನೆಗಳು ಬಂದವು ಎಂಬ ಸುದ್ದಿ ಮನೆಯೊಳಗೆ ಹರಡಿ, ಉತ್ತರಿಸಿದವರಿಗೇ ಅಪಾಯವಾಗಬಹುದು ಎಂಬ ಎಚ್ಚರ ಅದರ ಹಿಂದಿದೆ. ಬೇರೆಯವರ ಕಿವಿಗೆ ಬೀಳದ ಜಾಗ ಸಿಗದಿದ್ದರೆ ಆ ಭಾಗವನ್ನು ಕೈಬಿಟ್ಟು ಮುಂದೆ ಹೋಗಬೇಕು. ಇದು ಆಳ ಸಂದರ್ಶನ ಮಾಡುವವರೂ ಕಲಿಯಬೇಕಾದ ಶಿಸ್ತು. ನೀವು ಬ್ರಾಂಚಿನವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಹಣದ ಪ್ರಶ್ನೆ ಕೇಳಿದ್ದು ಯಾವ ವಿಧಾನದಲ್ಲೂ ಒಪ್ಪುವಂಥದ್ದಲ್ಲ, ಕ್ಷಮಿಸಿ.

ಎರಡನೆಯ ಮಾತು ಹದಿನೈದರ ಬಗ್ಗೆ. ಹದಿನೈದು ಆಳ ಸಂದರ್ಶನಗಳಿಂದ ಬೀಡಿ ಮನೆಯೊಳಗೆ ಹಣ ಹೇಗೆ ಹರಿಯುತ್ತದೆ ಎಂಬುದನ್ನು ನೀವು ತೋರಿಸಬಹುದು. ಜಿಲ್ಲೆಯ ಎಷ್ಟು ಪಾಲು ಮಹಿಳೆಯರಿಗೆ ತಮ್ಮ ಮಜೂರಿಯ ಮೇಲೆ ಹಿಡಿತವಿದೆ ಎಂದು ಹೇಳಲಾರಿರಿ. ಪ್ರಬಂಧದ ತೀರ್ಮಾನದ ಅಧ್ಯಾಯದಲ್ಲಿ "ಬಹುತೇಕ ಮಹಿಳೆಯರು" ಎಂದು ಬರೆಯುವ ಆಸೆ ಬರುತ್ತದೆ, ಬಂದೇ ಬರುತ್ತದೆ. ಯಾವ ಬಹುತೇಕ? ಹದಿನೈದರಲ್ಲಿ ಹತ್ತೇ? ಅಂಥ ವಾಕ್ಯ ಬರೆಯಬೇಕೆಂದಿದ್ದರೆ ಮಾದರಿ ಆಯ್ಕೆಯ ನಿಯಮಕ್ಕೆ ಬದ್ಧರಾಗಿ ಸಮೀಕ್ಷೆ ಮಾಡಬೇಕು.

ಎರಡನ್ನೂ ಒಟ್ಟಿಗೆ ಮಾಡಿದವರು ನಮ್ಮ ನಾಡಿನಲ್ಲೇ ಇದ್ದರು. ಅರ್ಥಶಾಸ್ತ್ರದ ತರಬೇತಿ ಪಡೆದು ಮಾನವಶಾಸ್ತ್ರಕ್ಕೆ ಬಂದ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ಒಂದಕ್ಕೆ ಕಾಲುವೆ ನೀರು ಬಂದಿತ್ತು, ಇನ್ನೊಂದರ ಜಮೀನಿಗೆ ಬಂದಿರಲಿಲ್ಲ. ಮನೆಗಳ ಆದಾಯ ವೆಚ್ಚದ ಲೆಕ್ಕವನ್ನೂ ಅವರು ತೆಗೆದರು, ಊರಿನಲ್ಲಿದ್ದು ಜನರ ನಡವಳಿಕೆಯನ್ನೂ ಕಂಡರು. ನೀರಾವರಿ ಬಂದ ಊರು ಹಳೆಯ ಸಂಬಂಧಗಳನ್ನು ಹೆಚ್ಚು ಉಳಿಸಿಕೊಂಡಿತು, ನೀರು ಬಾರದ ಊರಿನವರು ಹೊರಗಿನ ಅವಕಾಶಗಳ ಬೆನ್ನು ಹತ್ತಿ ಹೆಚ್ಚು ಬದಲಾದರು ಎಂಬ ಅವರ ಪ್ರಸಿದ್ಧ ತೀರ್ಮಾನವನ್ನು ಲೆಕ್ಕ ಮಾತ್ರದಿಂದಲೂ ಕಾಣಲಾಗುತ್ತಿರಲಿಲ್ಲ, ಮಾತುಕತೆ ಮಾತ್ರದಿಂದಲೂ ಕಾಣಲಾಗುತ್ತಿರಲಿಲ್ಲ.

ಆದ್ದರಿಂದ ನನ್ನ ಸಲಹೆ: ಮೊದಲು ಆಳ ಸಂದರ್ಶನ ಮಾಡಿ, ಅದರಿಂದ ಪ್ರಶ್ನೆಗಳ ಮಾತು ಕಲಿತು, ಆಮೇಲೆ ಸಮೀಕ್ಷೆಗೆ ಇಳಿಯಿರಿ. ಬಂಟ್ವಾಳದವರು ಹೇಳಿದ ಒಂದೇ ಸಂಗತಿಯಿಂದ ನಿಮ್ಮ ಪ್ರಶ್ನಾವಳಿ ಬದಲಾಗಬೇಕು. "ನೀವು ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತೀರಿ?" ಎಂಬಲ್ಲಿ "ನೀವು" ಎಂದರೆ ಏಕವಚನಕ್ಕೆ ಕೊಟ್ಟ ಗೌರವವೋ, ಮನೆಯವರೆಲ್ಲರೋ? ನಮ್ಮ ಕನ್ನಡದ ಈ ಗೌರವ ಬಹುವಚನ ಎಷ್ಟು ಸಮೀಕ್ಷೆಗಳ ಅಂಕಿಗಳನ್ನು ಕಲಸಿಹಾಕಿದೆಯೋ! ಪುಸ್ತಕ ಯಾರ ಹೆಸರಿನಲ್ಲಿದೆ, ನಿನ್ನೆ ಯಾರ್ಯಾರು ಕೈಹಾಕಿದರು, ಒಬ್ಬೊಬ್ಬರೂ ಎಷ್ಟು ಹೊತ್ತು ಕುಳಿತರು ಎಂದು ಒಡೆದು ಕೇಳದೆ ಆ ಕೋಷ್ಟಕಕ್ಕೆ ಬೆಲೆ ಇಲ್ಲ.

ಪ್ರಶ್ನೆ ಕೇಳಿದವರ ಮರುಬರಹ — ಹಾಸನದ ವಿದ್ಯಾರ್ಥಿನಿ

ಮೂರು ವಾರಗಳ ಅನಂತರ ಬರೆಯುತ್ತಿದ್ದೇನೆ. ಅನುಸೂಚಿಯನ್ನು ಚೀಲದಲ್ಲೇ ಬಿಟ್ಟು, ಬ್ರಾಂಚಿನವರಿಗೆ ತಿಳಿಸದೆ, ಸ್ಥಳೀಯ ಕಾಲೇಜಿನ ತುಳು ಬಲ್ಲ ಒಬ್ಬ ವಿದ್ಯಾರ್ಥಿನಿಯ ಜೊತೆ ಹೊಸ ನಾಲ್ಕು ಮನೆಗಳಿಗೆ ಹೋಗಿ ಬಂದೆ. ಒಂದು ಮನೆಯಲ್ಲಿ ಎರಡೂವರೆ ಗಂಟೆ ಕುಳಿತಿದ್ದೆವು. ನಲವತ್ತೈದರ ಆಸುಪಾಸಿನ ಮಹಿಳೆ. ನಿನ್ನೆಯ ದಿನ ಬೆಳಿಗ್ಗೆ ಎದ್ದಲ್ಲಿಂದ ಹೇಳಿ ಎಂದು ಕೇಳಿದೆವು. ಎಲೆ ನೆನೆಸಿಟ್ಟದ್ದು, ಮಗಳನ್ನು ಕಾಲೇಜಿಗೆ ಕಳುಹಿಸಿದ್ದು, ಹತ್ತು ಗಂಟೆಗೆ ಬ್ರಾಂಚಿಗೆ ಹೋಗಿ ಅಲ್ಲಿ ಕಾದದ್ದು, ಮಧ್ಯಾಹ್ನ ಸ್ವಸಹಾಯ ಸಂಘದ ಕಂತು ಕಟ್ಟಿದ್ದು ಎಲ್ಲವೂ ಒಂದರ ಹಿಂದೆ ಒಂದು ಬಂದವು. ನಾನು ತೀರ್ಮಾನ ಎಂಬ ಪದವನ್ನು ಎತ್ತಲೇ ಇಲ್ಲ. ಅವರು ತಾವಾಗಿ ಹೇಳಿದರು: ಮಜೂರಿ ಬಂದ ದಿನ ಗಂಡನಿಗೆ ಲೆಕ್ಕ ಒಪ್ಪಿಸುತ್ತಾರೆ, ದೊಡ್ಡ ಖರ್ಚೆಲ್ಲ ಗಂಡನ ಮಾತಿನಂತೆ, ಆದರೆ ಸಂಘದ ಕಂತನ್ನು ಮೊದಲೇ ತೆಗೆದಿಟ್ಟ ಮೇಲೆ ಉಳಿದದ್ದನ್ನಷ್ಟೇ ಲೆಕ್ಕ ಎನ್ನುತ್ತಾರೆ. "ಇಬ್ಬರೂ ಸೇರಿ" ಎಂಬುದರ ಒಳಗೆ ಇಷ್ಟಿದೆ ಎಂದು ನನಗೆ ಹೊಳೆದಿರಲಿಲ್ಲ.

ಈಗ ಹೊಸ ತೊಡಕುಗಳು. ಧ್ವನಿಮುದ್ರಣ ನಿಲ್ಲಿಸಿ ಫೋನನ್ನು ಚೀಲಕ್ಕೆ ಹಾಕಿ ಎದ್ದು ನಿಂತ ಮೇಲೆ, ಅಂಗಳದವರೆಗೆ ಬಂದು ಅವರು ಇನ್ನೊಂದು ಮಾತು ಹೇಳಿದರು. ನನ್ನ ಪ್ರಬಂಧಕ್ಕೆ ಅದು ಬಹಳ ಮುಖ್ಯವಾದದ್ದು. ಅದನ್ನು ಬಳಸಬಹುದೇ? ಮತ್ತೆ, ಹದಿನೈದೋ ಮೂವತ್ತೋ ಎಂಬ ಸಂಖ್ಯೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಲಿಪ್ಯಂತರವನ್ನು ತುಳುವಿನಲ್ಲಿ ಇಡಬೇಕೋ ಕನ್ನಡಕ್ಕೆ ತರಬೇಕೋ ಎಂಬುದೂ ಸಹ. ಅವರು ನನಗೂ ಬಹಳ ಪ್ರಶ್ನೆ ಕೇಳಿದರು. ಸಂಬಳ ಬರುತ್ತದೆಯೇ, ಮದುವೆ ಯಾವಾಗ, ಇದನ್ನು ಬರೆದರೆ ನಮಗೇನು ಸಿಗುತ್ತದೆ ಎಂದೆಲ್ಲ. ಕೊನೆಯದಕ್ಕೆ ಏನೋ ತೊದಲಿದೆ.

ಉತ್ತರ 4 — ಮೈಸೂರಿನ ಸಂಶೋಧಕಿ

ಅಂಗಳದ ಮಾತನ್ನು ಸದ್ಯಕ್ಕೆ ಪ್ರಬಂಧದಲ್ಲಿ ಬಳಸಬೇಡಿ, ಆದರೆ ಮರೆಯಲೂ ಬೇಡಿ. ಅಂದು ರಾತ್ರಿಯೇ ಬೇರೆ ಪುಸ್ತಕದಲ್ಲಿ, ಹೆಸರಿಲ್ಲದೆ ಬರೆದಿಟ್ಟುಕೊಂಡು, ಮುಂದಿನ ಭೇಟಿಯಲ್ಲಿ "ಅವತ್ತು ಅಂಗಳದಲ್ಲಿ ಹೇಳಿದಿರಲ್ಲ ಅಕ್ಕ, ಅದನ್ನು ನಾನು ಬರೆಯಬಹುದೇ?" ಎಂದು ನೇರವಾಗಿ ಕೇಳಿ. ಯಂತ್ರ ನಿಂತ ಮೇಲೆ ಹೇಳಿದ್ದಾರೆ ಎಂದರೆ ಯಂತ್ರಕ್ಕೆ ಬೇಡ ಎಂದೇ ಅರ್ಥ; ನಿಮಗೂ ಬೇಡ ಎಂದು ಅರ್ಥವಲ್ಲ. ಒಪ್ಪಿದರೆ ಊರು, ವಯಸ್ಸು, ಮಕ್ಕಳ ಸಂಖ್ಯೆ ಯಾವುದರಿಂದಲೂ ಗುರುತು ಸಿಗದಂತೆ ಬರೆಯಿರಿ. ಹೆಸರು ಬದಲಿಸಿದರೆ ಸಾಕೆಂದು ನಾವು ಭಾವಿಸುತ್ತೇವೆ, ಆದರೆ ಎಂಟು ಮನೆಗಳ ಕೇರಿಯಲ್ಲಿ "ಮಗಳು ಕಾಲೇಜಿಗೆ ಹೋಗುವ ಬೀಡಿ ಕಾರ್ಮಿಕೆ" ಎಂದರೆ ಎಲ್ಲರಿಗೂ ತಿಳಿಯುತ್ತದೆ. ಹಾಗೆ ನೋಡಿದರೆ ನೀವು ಮೇಲೆ ಬರೆದ ಸಂಘದ ಕಂತಿನ ವಿವರವೂ ಈ ಚರ್ಚೆಗೆ ಸ್ವಲ್ಪ ಹೆಚ್ಚೇ ಆಯಿತು. ಒಪ್ಪಿಗೆ ಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಕೇಳಿದರೆ ಸಾಲದ ಕಾಗದದ ನೆನಪಾಗಿ ಜನ ಹಿಂಜರಿಯುತ್ತಾರೆ; ಬಾಯಿಮಾತಿನ ಒಪ್ಪಿಗೆಯನ್ನು ಧ್ವನಿಮುದ್ರಣದ ಮೊದಲಿಗೇ ಪಡೆದುಕೊಳ್ಳಲು ನಿಮ್ಮ ನೈತಿಕ ಸಮಿತಿಯ ಅನುಮತಿ ತೆಗೆದುಕೊಳ್ಳಿ.

ಸಂಖ್ಯೆಗೆ ಬಂದರೆ, ಹೊಸ ಸಂದರ್ಶನದಿಂದ ಹೊಸ ವಿಚಾರ ಬಾರದ ಹಂತಕ್ಕೆ ತಲುಪಿದಾಗ ನಿಲ್ಲಿಸಿ ಎಂಬ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. 1967ರಲ್ಲಿ ಸಮಾಜಶಾಸ್ತ್ರಜ್ಞರಾದ ಗ್ಲೇಸರ್ ಮತ್ತು ಸ್ಟ್ರಾಸ್ ಮುಂದಿಟ್ಟ ಸಂತೃಪ್ತತೆಯ ಪರಿಕಲ್ಪನೆಯಿಂದ ಬಂದದ್ದು ಅದು. 2006ರಲ್ಲಿ ಗೆಸ್ಟ್ ಮತ್ತು ಅವರ ಸಂಗಡಿಗರು ಪಶ್ಚಿಮ ಆಫ್ರಿಕದ ಎರಡು ದೇಶಗಳ ಮಹಿಳೆಯರೊಂದಿಗೆ ನಡೆಸಿದ 60 ಸಂದರ್ಶನಗಳನ್ನು ಪರಿಶೀಲಿಸಿ, ಮೊದಲ ಹನ್ನೆರಡರೊಳಗೆ ಹೆಚ್ಚಿನ ವಿಚಾರಗಳು ಬಂದುಬಿಟ್ಟಿದ್ದವು ಎಂದು ತೋರಿಸಿದರು. ಅಲ್ಲಿಂದ ಹನ್ನೆರಡು ಎಂಬುದು ಪ್ರಬಂಧಗಳಲ್ಲಿ ಮಂತ್ರಸಂಖ್ಯೆಯಾಗಿದೆ. ನಿಮ್ಮ ಅನುಭವವೇ ಅದಕ್ಕೆ ಎಚ್ಚರಿಕೆ: ಮೊದಲ ಹನ್ನೊಂದರಲ್ಲಿ ಎರಡನೆಯ ಸಂದರ್ಶನಕ್ಕೇ ನೀವು "ಸಂತೃಪ್ತತೆ" ತಲುಪಿದ್ದಿರಿ! ಕೆಟ್ಟ ಸಂದರ್ಶನಗಳು ಬಹಳ ಬೇಗ ಸಂತೃಪ್ತವಾಗುತ್ತವೆ. ನಾನಾಗಿದ್ದರೆ ಸಂಖ್ಯೆಯನ್ನು ಬಿಟ್ಟು ಬಗೆಗಳನ್ನು ನೋಡುತ್ತಿದ್ದೆ. ಪುಸ್ತಕ ತಮ್ಮ ಹೆಸರಿನಲ್ಲಿರುವವರು, ಅತ್ತೆಯ ಹೆಸರಿನಲ್ಲಿ ಕಟ್ಟುವವರು, ಪುಸ್ತಕವೇ ಇಲ್ಲದೆ ಪಕ್ಕದ ಮನೆಗೆ ಕಟ್ಟಿಕೊಡುವವರು, ಗಂಡನಿಲ್ಲದವರು, ಬೀಡಿ ಬಿಟ್ಟು ಗೋಡಂಬಿ ಕಾರ್ಖಾನೆಗೆ ಹೋದವರು, ಪ್ರತಿ ಬಗೆಯಲ್ಲೂ ಮೂರು ನಾಲ್ಕು ಮಂದಿ, ಒಬ್ಬೊಬ್ಬರನ್ನೂ ಕನಿಷ್ಠ ಎರಡು ಸಲ.

ಲಿಪ್ಯಂತರ ಮಾಡುವಾಗ ತುಳುವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇರಿಸಿ, ಪಕ್ಕದ ಅಂಕಣದಲ್ಲಿ ಕನ್ನಡ ಕೊಡಿ. ಒಂದು ಗಂಟೆಯ ಧ್ವನಿಗೆ ಐದಾರು ಗಂಟೆ ಹಿಡಿಯುತ್ತದೆ, ಎರಡು ಭಾಷೆಯಾದರೆ ಇನ್ನೂ ಹೆಚ್ಚು. ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಮಾಡಿ. ಜೊತೆಗೆ ಬಂದ ವಿದ್ಯಾರ್ಥಿನಿಯನ್ನು "ಅನುವಾದಕಿ" ಎಂದು ಅಡಿಟಿಪ್ಪಣಿಗೆ ತಳ್ಳಬೇಡಿ. ಎರಡೂವರೆ ಗಂಟೆಯ ಆ ಮಾತುಕತೆ ಮೂವರದು, ಅವಳ ಜಾತಿ, ಊರು, ಮನೆತನವನ್ನು ಆ ಮಹಿಳೆ ಮೊದಲ ಐದು ನಿಮಿಷದಲ್ಲೇ ವಿಚಾರಿಸಿಕೊಂಡಿರುತ್ತಾರೆ. ಪ್ರತಿಗಳನ್ನು ಎರಡು ಬೇರೆ ಬೇರೆ ಜಾಗಗಳಲ್ಲಿ ಇಡುವುದನ್ನು ಇವತ್ತೇ ಮಾಡಿ. ಮೇಲೆ ಹೇಳಿದ ಶ್ರೀನಿವಾಸ್ ಅವರು ರಾಂಪುರದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕೂತು ಸಂಸ್ಕರಿಸಿ ಸಿದ್ಧಪಡಿಸಿದ್ದ ಮೂರೂ ಪ್ರತಿಗಳು ಒಂದೇ ಕೋಣೆಯಲ್ಲಿದ್ದವು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿಯಿಟ್ಟಾಗ ಮೂರೂ ಸುಟ್ಟುಹೋದವು. ನೆನಪಿನಿಂದ ಪುಸ್ತಕ ಬರೆಯುವ ಶಕ್ತಿ ಅವರಿಗಿತ್ತು. ನನಗಂತೂ ಇಲ್ಲ.

ಅವರು ನಿಮಗೆ ಪ್ರಶ್ನೆ ಕೇಳಿದ್ದು ಒಳ್ಳೆಯ ಲಕ್ಷಣ. ಲಂಡನ್ನಿನಲ್ಲಿ ಮೊದಲ ಸಲ ಬಸುರಿಯಾದವರನ್ನು ಸಂದರ್ಶಿಸಿದ ಸಮಾಜಶಾಸ್ತ್ರಜ್ಞೆ ಆ್ಯನ್ ಓಕ್ಲಿ, ಆ ಮಹಿಳೆಯರು ತಮಗೆ ತಿರುಗಿ ಕೇಳಿದ ಪ್ರಶ್ನೆಗಳನ್ನು ಎಣಿಸಿದಾಗ 878 ಆಗಿದ್ದವು. ಸಂದರ್ಶಕರು ಉತ್ತರಿಸದೆ ನುಣುಚಿಕೊಳ್ಳಬೇಕು ಎಂದು ಅಂದಿನ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಅದು ಹೆಂಗಸರ ನಡುವೆ ಆಗುವ ಮಾತಲ್ಲ ಎಂದು ಅವರು 1981ರಲ್ಲಿ ಬರೆದರು. ನಮಗೇನು ಸಿಗುತ್ತದೆ ಎಂದರೆ, ನಿಮಗೆ ನೇರವಾಗಿ ಏನೂ ಸಿಗುವುದಿಲ್ಲ, ನನಗೆ ಪದವಿ ಸಿಗುತ್ತದೆ ಎಂದು ಹೇಳಿಬಿಡಿ. ನಾನು ಹಾಗೆ ಹೇಳಿದ ಮನೆಗಳಲ್ಲಿ ಯಾರೂ ಎದ್ದು ಹೋಗೆಂದಿಲ್ಲ.

ಉತ್ತರ 5 — ನಿವೃತ್ತ ಅಧ್ಯಾಪಕ

ಸಮೀಕ್ಷೆಯವರ ತಕರಾರನ್ನು ಒಪ್ಪಿಕೊಂಡೆ. "ಬಹುತೇಕ" ಎಂಬ ಪದದ ವಿಷಯದಲ್ಲಿ ನನ್ನ ವಿದ್ಯಾರ್ಥಿಗಳನ್ನು ನಾನೇ ಸಾಕಷ್ಟು ಗದರಿಸಲಿಲ್ಲ. ಒಂದೇ ಒಂದು ಸೇರ್ಪಡೆ: ಆ ಮೊದಲ ಹನ್ನೊಂದು ಸಂದರ್ಶನಗಳನ್ನು ಎಸೆಯಬೇಡಿ. ಅಧ್ಯಯನ ವಿಧಾನದ ಅಧ್ಯಾಯದಲ್ಲಿ ಅವುಗಳಿಗೆ ನಾಲ್ಕು ಪುಟ ಕೊಡಿ, ಜಗಲಿಯಲ್ಲಿ ಯಾರಿದ್ದರು ಎಂಬುದರ ಸಹಿತ. "ಇಬ್ಬರೂ ಸೇರಿ" ಎಂಬ ಉತ್ತರ ಎರಡು ಸನ್ನಿವೇಶಗಳಲ್ಲಿ ಪಡೆದ ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟರೆ ನಿಮ್ಮ ಮಾರ್ಗದರ್ಶಕರ ವಿಶ್ವಾಸಾರ್ಹತೆಯ ಪ್ರಶ್ನೆಗೂ ಅಲ್ಲೇ ಉತ್ತರವಿರುತ್ತದೆ, ಮೌಖಿಕ ಪರೀಕ್ಷೆಯಲ್ಲಿ ಬೇರೆ ವಾದ ಮಾಡಬೇಕಾಗುವುದಿಲ್ಲ.

ಉತ್ತರ 6 — ಬಂಟ್ವಾಳದ ಕಡೆಯವಳು

ಮುಂದಿನ ಸಲ ಹೋಗುವಾಗ ಹೊತ್ತು ನೋಡಿಕೊಳ್ಳಿ. ಬೆಳಿಗ್ಗೆ ಬ್ರಾಂಚಿಗೆ ಬೀಡಿ ಕೊಡುವ ಗಡಿಬಿಡಿ ಇರುತ್ತದೆ; ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದ ಮೇಲೆ, ಮಕ್ಕಳು ಶಾಲೆಯಿಂದ ಬರುವ ಮೊದಲು ಹೋದರೆ ಅಕ್ಕಪಕ್ಕದ ಮನೆಯವರೂ ತಮ್ಮ ತಮ್ಮ ತಡ್ಪೆ ಹಿಡಿದು ಒಂದೇ ಚಾವಡಿಗೆ ಬಂದಿರುತ್ತಾರೆ. ಒಬ್ಬರನ್ನೇ ಕೇಳಬೇಕಾದದ್ದನ್ನು ಆಗ ಕೇಳಬೇಡಿ, ಸುಮ್ಮನೆ ಕುಳಿತು ಅವರವರ ಮಾತು ಕೇಳಿಸಿಕೊಳ್ಳಿ. ಫೋನನ್ನು ಮಾತ್ರ ತಡ್ಪೆಯ ಹತ್ತಿರ ಇಡಬೇಡಿ. ಕತ್ತರಿಯ ಸದ್ದಿನಲ್ಲಿ ಆಮೇಲೆ ಯಾವ ಮಾತೂ ಬಿಡಿಸಿ ಕೇಳುವುದಿಲ್ಲ.